ಮನೆಯೊಳಗಣ ಅಂಗಡಿ: ಅಹಮದಾಬಾದಿನ ಪೋಳಗಳ ವಾಸ್ತು ಮತ್ತು ಶ್ರಾವಕನ ಮಿತಿ

ಪಶ್ಚಿಮ ಭಾರತದ ಜೈನ ಸಮಾಜದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶತ್ರುಂಜಯ, ಗಿರನಾರ, ಆಬು, ರಾಣಕಪುರಗಳ ಜಿನಾಲಯಗಳಿಂದ ಆರಂಭಿಸುತ್ತಾರೆ. ಅಂಥ ಮಂದಿರಗಳಿಗೆ ದ್ರವ್ಯವಿತ್ತ ಶ್ರಾವಕರು ಸ್ವತಃ ಎಂಥ ಮನೆಗಳಲ್ಲಿ ಬಾಳಿದರು, ಎಲ್ಲಿ ಕುಳಿತು ವ್ಯಾಪಾರ ಮಾಡಿದರು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರುವುದಿಲ್ಲ. ಜಿನಾಲಯಗಳಿಗೆ ಕಾಲಕಾಲಕ್ಕೆ ಜೀರ್ಣೋದ್ಧಾರದ ಭಾಗ್ಯ ದೊರೆಯಿತು. ಮನೆಗಳಿಗೆ ದೊರೆತುದು ಹೆಚ್ಚಾಗಿ ಬಾಡಿಗೆದಾರರು ಮಾತ್ರ. ಗುಜರಾತಿನ ಅಹಮದಾಬಾದ್ ನಗರದ ಹಳೆಯ ವಠಾರಗಳಲ್ಲಿ, ಒಂದು ಕಾಲದಲ್ಲಿ ಶ್ರಾವಕ ಕುಟುಂಬಗಳು ಮೂರು ನಾಲ್ಕು ತಲೆಮಾರು ಬಾಳಿ ಬದುಕಿದ ಮನೆಗಳು ಇಂದು ಜವಳಿ ಅಂಗಡಿಗಳಾಗಿ, ಸರಕಿನ ಮಳಿಗೆಗಳಾಗಿ ನಿಂತಿವೆ. ಮನೆಯು ಅಂಗಡಿಯಾಗುವಾಗ ಅದರ ವಾಸ್ತುವಿನಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದನ್ನು ಪರಿಶೀಲಿಸುವುದು ಕೇವಲ ಶಿಲ್ಪಶಾಸ್ತ್ರದ ವಿಷಯವಲ್ಲ. ಆಸ್ತಿಯುಳ್ಳ ಪ್ರತಿಯೊಬ್ಬ ಗೃಹಸ್ಥನಿಗೂ ಪ್ರತಿಯೊಂದು ಧರ್ಮಸಂಸ್ಥೆಗೂ ಸಂಬಂಧಿಸಿದ ವಿಷಯವಾಗಿದೆ.

ಪೋಳದ ಸ್ವರೂಪ

ಸಾಬರಮತಿ ನದಿಯ ಪೂರ್ವದಂಡೆಯ ಮೇಲೆ ಸುಲ್ತಾನ ಅಹಮದ್ ಷಾ 1411ರಲ್ಲಿ ಈ ನಗರವನ್ನು ಸ್ಥಾಪಿಸಿದನು. ಕೋಟೆಯೊಳಗಣ ಈ ಪುರಾತನ ಭಾಗವು 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಗರವೊಂದಕ್ಕೆ ಈ ಮನ್ನಣೆ ದೊರೆತುದು ಭಾರತದಲ್ಲಿ ಅದೇ ಮೊದಲು. ಈ ಗೌರವಕ್ಕೆ ಅಲ್ಲಿನ ಮಸೀದಿ, ಮಂದಿರಗಳಷ್ಟೇ ಕಾರಣವಾದವು 'ಪೋಳ'ಗಳೆಂಬ ವಸತಿ ಸಮುಚ್ಚಯಗಳು. ಹೆಬ್ಬಾಗಿಲು ಎಂಬರ್ಥದ ಸಂಸ್ಕೃತದ 'ಪ್ರತೋಲೀ' ಶಬ್ದದಿಂದ ಪೋಳ ಎಂಬ ಹೆಸರು ಬಂದಿದೆ. ಒಂದೇ ಜಾತಿಯ ಅಥವಾ ಒಂದೇ ಕಸುಬಿನ ಕುಟುಂಬಗಳು ಒಂದು ಹೆಬ್ಬಾಗಿಲಿನ ಒಳಗೆ ಇಕ್ಕಟ್ಟಾದ ಓಣಿಗಳಲ್ಲಿ ಒತ್ತೊತ್ತಾಗಿ ಮನೆ ಕಟ್ಟಿಕೊಂಡು, ರಾತ್ರಿ ಬಾಗಿಲು ಮುಚ್ಚಿ, ಕಾವಲಿಟ್ಟು ನೆಮ್ಮದಿಯಿಂದ ಇರುತ್ತಿದ್ದವು. ಓಣಿಯಲ್ಲಿ ಬಾವಿ, ಪೂಜಾಸ್ಥಾನ, ಹಕ್ಕಿಗಳಿಗೆ ಕಾಳು ಹಾಕಲು ಎತ್ತರದ ಕಂಬದ ಮೇಲೆ ಕೆತ್ತನೆಯ ಮಂಟಪದಂತೆ ನಿಲ್ಲಿಸಿದ 'ಚಬೂತರೊ' ಇವು ಎಲ್ಲರಿಗೂ ಸೇರಿದವು.

ಮೊಗಲರ ಕಾಲದಲ್ಲಿ ರತ್ನವ್ಯಾಪಾರದಿಂದಲೂ ಧರ್ಮಕಾರ್ಯಗಳಿಂದಲೂ ಹೆಸರಾದ ಶಾಂತಿದಾಸ ಝವೇರಿಯಂಥ ಶ್ರಾವಕರ ನಗರವಿದು. ರತ್ನಪಡಿ ವ್ಯಾಪಾರಿಗಳ ಹೆಸರನ್ನೇ ಹೊತ್ತ ಝವೇರಿವಾಡವು ಇಂದಿಗೂ ಜಿನಮಂದಿರಗಳಿಂದ ತುಂಬಿದೆ. ಅಲ್ಲಿನ ಕೆಲವು ದೇರಾಸರಗಳು ಹೊರಗಿನಿಂದ ನೆರೆಯ ಮನೆಗಳಂತೆಯೇ ಕಾಣುತ್ತವೆ; ಶಿಖರವಾಗಲಿ ಗೋಪುರವಾಗಲಿ ಬೀದಿಗೆ ಕಾಣುವುದಿಲ್ಲ. ಮನೆ, ಮಂದಿರ, ವ್ಯಾಪಾರ ಈ ಮೂರೂ ಒಂದೇ ಓಣಿಯಲ್ಲಿ ಒಂದೇ ಬಗೆಯ ಮರದ ಮುಖಮಂಟಪದ ಹಿಂದೆ ನಡೆಯುತ್ತಿದ್ದವು.

ಪೋಳದ ಮನೆಯು ಅಲ್ಲಿ ವಾಸಿಸುವವನದೇ ಆದರೂ ಸಂಪೂರ್ಣವಾಗಿ ಅವನೊಬ್ಬನದೇ ಆಗಿರಲಿಲ್ಲವೆಂಬುದು ಗಮನಾರ್ಹ. ಮನೆಯನ್ನು ಮಾರುವವನು ಮೊದಲು ಪೋಳದವರಿಗೇ ಅದನ್ನು ಕೊಡಲು ಸಿದ್ಧನಿರಬೇಕಾಗಿತ್ತು. ಮಾರಾಟದ ಹಣದಲ್ಲಿ ಒಂದು ಪಾಲು ಪೋಳದ ಸಾಮಾನ್ಯ ನಿಧಿಗೆ ಸಲ್ಲುತ್ತಿತ್ತು. ಆ ನಿಧಿಯಿಂದ ಹೆಬ್ಬಾಗಿಲು, ಬಾವಿ ಮೊದಲಾದವುಗಳ ದುರಸ್ತಿ ನಡೆಯುತ್ತಿತ್ತು. ಈ ಕಟ್ಟುಪಾಡಿಗೆ ವಾಸ್ತುವಿನಲ್ಲಿಯೇ ಒಂದು ಕಾರಣವಿತ್ತು. ಪೋಳದ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಒಬ್ಬನ ಗೋಡೆಗೆ ಧಕ್ಕೆಯಾದರೆ ಅದು ನೆರೆಯವನ ಗೋಡೆಗೂ ಧಕ್ಕೆಯೇ.

ಮನೆಯ ಒಳಗು

ಇಂಥ ಮನೆಯ ಮುಖ ಕಿರಿದು, ಆಳ ಬಹಳ. ಬೀದಿಯಿಂದ ಮೆಟ್ಟಿಲೇರಿದೊಡನೆ 'ಓಟಲೊ', ಅಂದರೆ ನಮ್ಮ ಜಗಲಿ. ಅದನ್ನು ದಾಟಿದರೆ 'ಖಡಕಿ' ಎಂಬ ಮುಂಗೋಣೆ. ಅಲ್ಲಿಂದ ಒಳಗೆ ಆಕಾಶಕ್ಕೆ ತೆರೆದ 'ಚೌಕ', ಅದರಾಚೆ 'ಪರಸಾಳ', ಕೊನೆಯಲ್ಲಿ 'ಓರಡೊ' ಎಂಬ ಒಳಕೋಣೆ. ಚೌಕದ ಪಕ್ಕದಲ್ಲಿ ಅಡುಗೆಮನೆ, ನೀರಿನ ಕೊಡಗಳನ್ನಿಡುವ ಕಟ್ಟೆ. ಕನ್ನಡ ನಾಡಿನ ತೊಟ್ಟಿಯ ಮನೆಯನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಜಗಲಿ, ತೊಟ್ಟಿ, ಪಡಸಾಲೆ, ಒಳಕೋಣೆ ಎಂಬ ಅದೇ ಸರಣಿಯನ್ನು ಅಲ್ಲಿ ಕಿರಿದಾದ ನಿವೇಶನದಲ್ಲಿ ಹಿಂದು ಮುಂದಾಗಿ ಜೋಡಿಸಲಾಗಿದೆ. ಎರಡೂ ಪಕ್ಕಗಳಲ್ಲಿ ನೆರೆಮನೆಗಳು ಅಂಟಿಕೊಂಡಿರುವುದರಿಂದ ಗಾಳಿ ಬೆಳಕುಗಳಿಗೆ ಬೀದಿಯ ಕಡೆಯ ಮುಖ ಮತ್ತು ಚೌಕ ಇವೆರಡೇ ದಾರಿ. ಹಗಲಿನಲ್ಲಿ ಕಾದ ಗಾಳಿ ಚೌಕದ ಮೂಲಕ ಮೇಲೇರಿ ಹೋಗುತ್ತದೆ. ರಾತ್ರಿಯ ತಂಪು ಅದೇ ಚೌಕದ ತಳದಲ್ಲಿ ನೆಲೆಸುತ್ತದೆ. ಚೌಕವಿಲ್ಲದೆ ಆ ಮನೆಗೆ ಉಸಿರಿಲ್ಲ.

ಚೌಕದ ನೆಲದಡಿಯಲ್ಲಿ 'ಟಾಂಕಾ' ಎಂಬ ನೀರಿನ ತೊಟ್ಟಿ ಇರುತ್ತದೆ. ಮೊದಲ ಮಳೆಯಿಂದ ಮಾಡು ತೊಳೆದುಹೋದ ನಂತರ ಬೀಳುವ ಶುದ್ಧ ನೀರನ್ನು ಕೊಳವೆಯ ಮೂಲಕ ಅದಕ್ಕೆ ಇಳಿಸಿ, ಬಿಸಿಲು ಸೋಕದಂತೆ ಬಾಯಿ ಮುಚ್ಚಿಟ್ಟರೆ ವರ್ಷವಿಡೀ ಕುಡಿಯುವ ನೀರು ಸಿದ್ಧ. ನೀರನ್ನು ಸೋಸಿಯೇ ಕುಡಿಯುವ, ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಮತ್ತೆ ಅದೇ ನೀರಿಗೆ ಬಿಡುವ ಶ್ರಾವಕರ ಆಚಾರಕ್ಕೆ ಈ ವ್ಯವಸ್ಥೆ ಚೆನ್ನಾಗಿ ಒಗ್ಗಿತು.

ಮನೆಯನ್ನು ಎತ್ತಿಹಿಡಿದಿರುವುದು ತೇಗದ ಮರದ ಚೌಕಟ್ಟು. ಕಲ್ಲಿನ ಅಡಿಪೀಠದ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ ಮತ್ತು ಹಲಗೆ. ಕಂಬಗಳ ನಡುವಣ ಗೋಡೆ ಇಟ್ಟಿಗೆಯದು. ಅದರೊಳಗೂ ಅಲ್ಲಲ್ಲಿ ಅಡ್ಡಮರಗಳನ್ನು ಹುದುಗಿಸಿರುತ್ತಾರೆ. ಮೇಲಿನ ಅಂತಸ್ತುಗಳು ಬೀದಿಯ ಕಡೆಗೆ ಚಾಚಿಕೊಂಡು ಕೆಳಗಿನ ಜಗಲಿಗೆ ನೆರಳು ನೀಡುತ್ತವೆ. ಹೊರಚಾಚಿದ ಭಾಗವನ್ನು ಹೊರುವ ಮದನಕೈಗಳ ಮೇಲೆ ಬಳ್ಳಿ, ಹೂ, ಗಿಳಿ, ನವಿಲುಗಳ ಕೆತ್ತನೆ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀಕುಂಜರದ ಮರದ ಕೆತ್ತನೆಯನ್ನು ಕಂಡವರಿಗೆ, ಮರಗೆಲಸದಲ್ಲಿ ಜೈನ ಮನೆತನಗಳು ತೋರಿದ ಅಭಿರುಚಿಯ ಪರಿಚಯ ಈಗಾಗಲೇ ಇರುತ್ತದೆ. ಅಹಮದಾಬಾದಿನಲ್ಲಿ ಆ ಅಭಿರುಚಿ ಅರಮನೆಗೆ ಸೀಮಿತವಾಗದೆ ಸಾಧಾರಣ ವರ್ತಕನ ಮನೆಬಾಗಿಲಿಗೂ ಬಂದಿತು.

ಹಳೆಯ ಅಂಗಡಿ, ಹೊಸ ಅಂಗಡಿ

ಮನೆಯಲ್ಲಿ ಅಂಗಡಿ ಇರುವುದು ಹೊಸ ಸಂಗತಿಯೇನಲ್ಲ. ಹಿಂದಿನ ವರ್ತಕನು ತನ್ನ 'ಪೇಢಿ'ಯನ್ನು ಬಹುಪಾಲು ಮನೆಯ ಮುಂಗೋಣೆಯಲ್ಲಿಯೇ ನಡೆಸುತ್ತಿದ್ದನು. ನೆಲದ ಮೇಲೆ ಗಾದಿ, ಒರಗಲು ದಿಂಬು, ಮುಂದೆ ಲೆಕ್ಕದ ಪುಸ್ತಕವಿಡಲು ಇಳಿಜಾರು ಪೆಟ್ಟಿಗೆ. ಇಷ್ಟೇ ಅಂಗಡಿಯ ಸಾಮಗ್ರಿ. ದೀಪಾವಳಿಯಂದು ಅಲ್ಲಿಯೇ ಹೊಸ ಲೆಕ್ಕದ ಪುಸ್ತಕಗಳ ಪೂಜೆ. ದೊಡ್ಡ ಬಜಾರಿನ ಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಸತಿ. ಆದರೆ ವ್ಯಾಪಾರವು ಎಲ್ಲಿ ನಿಲ್ಲಬೇಕೆಂಬುದಕ್ಕೆ ಮನೆಯಲ್ಲಿಯೇ ಒಂದು ಗಡಿ ಇತ್ತು. ಖಡಕಿಯ ಒಳಬಾಗಿಲೇ ಆ ಗಡಿ. ಅದರಾಚೆಗಿನ ಚೌಕ ಮನೆಯವರದು, ಗಾಳಿ ಬೆಳಕುಗಳದು, ಹಬ್ಬ ಹರಿದಿನಗಳದು. ಸರಕು ಎಷ್ಟೇ ಹೆಚ್ಚಿದರೂ ಚೌಕವನ್ನು ತುಂಬುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸ್ಥಿತಿ ಬದಲಾಗತೊಡಗಿತು. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಅವರು ನಗರದ ಮೊದಲ ಬಟ್ಟೆಗಿರಣಿಯನ್ನು ಆರಂಭಿಸಿದರು. ಜೈನ ವರ್ತಕ ಕುಟುಂಬಗಳೂ ಗಿರಣಿಗಳಲ್ಲಿ ಹಣ ಹೂಡಿ ಬೆಳೆದವು. 1892ರಲ್ಲಿ ಸಾಬರಮತಿಗೆ ಉಕ್ಕಿನ ಎಲ್ಲಿಸ್ ಸೇತುವೆ ನಿರ್ಮಾಣವಾಯಿತು. ಅನುಕೂಲವಂತರು ಮುಂದಿನ ದಶಕಗಳಲ್ಲಿ ಶಾಹಿಬಾಗಿನ ತೋಟದ ಮನೆಗಳಿಗೂ ನದಿಯಾಚೆಯ ಹೊಸ ಬಡಾವಣೆಗಳಿಗೂ ಹೋಗಿ ನೆಲೆಸಿದರು. ಹಳೆಯ ಮನೆಗಳು ಬಾಡಿಗೆಗೆ ಬಿದ್ದವು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆದಾರರಿಗೆ ರಕ್ಷಣೆ ನೀಡಿತು. ಆದರೆ ಬಾಡಿಗೆಯ ಮೊತ್ತ ಹಳೆಯ ಮಟ್ಟದಲ್ಲಿಯೇ ನಿಂತುದರಿಂದ ದುರಸ್ತಿಯ ವೆಚ್ಚವನ್ನು ಹೊರಲು ಮಾಲೀಕನಿಗೂ ಮನಸ್ಸಿಲ್ಲ, ಬಾಡಿಗೆದಾರನಿಗೂ ಮನಸ್ಸಿಲ್ಲ ಎಂಬಂತಾಯಿತು. ಇತ್ತ ಪೇಟೆಯ ವ್ಯಾಪಾರ ಬೆಳೆಯುತ್ತಲೇ ಹೋಯಿತು. ಈಗ ಸೀರೆ, ಬಟ್ಟೆಗಳ ಪೇಟೆಯೆಂದು ಖ್ಯಾತವಾಗಿರುವ ರತನಪೋಳದ ಹೆಸರಿನಲ್ಲಿಯೇ ಅದರ ಪೂರ್ವಸ್ಥಿತಿ ಉಳಿದಿದೆ.

ರೂಪಾಂತರದ ಹಂತಗಳು

ಮನೆಯು ಅಂಗಡಿಯಾಗುವ ಕೆಲಸ ಒಮ್ಮೆಗೇ ಆಗುವುದಿಲ್ಲ. ಮೊದಲು ಹೋಗುವುದು ಜಗಲಿ. ಗಿರಾಕಿಗಳು ಸುಲಭವಾಗಿ ಒಳಬರಲೆಂದು ಅದನ್ನು ಕಡಿದು ನೆಲವನ್ನು ಬೀದಿಯ ಮಟ್ಟಕ್ಕೆ ತರುತ್ತಾರೆ. ಮಳೆಗಾಲದ ನೀರು ಒಳನುಗ್ಗಿ, ಅಡಿಪೀಠದ ಮೇಲೆ ಒಣಗಿ ನಿಂತಿದ್ದ ಕಂಬದ ಬುಡ ತೇವದಲ್ಲಿ ನೆನೆಯುತ್ತದೆ. ಎರಡನೆಯದಾಗಿ ಮುಖದ ಕಂಬಗಳು ಹೋಗುತ್ತವೆ. ಉರುಳು ಬಾಗಿಲನ್ನು ಕೂಡಿಸಲು ನಡುಗಂಬಗಳನ್ನು ಕಿತ್ತು ಕಬ್ಬಿಣದ ತೊಲೆ ಹಾಕಿದರೆ, ನಾಲ್ಕಾರು ಕಂಬಗಳು ಹಂಚಿಕೊಂಡಿದ್ದ ಭಾರ ಎರಡೇ ಪಕ್ಕಗಳ ಮೇಲೆ, ಅಂದರೆ ನೆರೆಯವನೊಡನೆ ಹಂಚಿಕೊಂಡ ಗೋಡೆಗಳ ಮೇಲೆ ಬೀಳುತ್ತದೆ. ಮೂರನೆಯದಾಗಿ ಖಡಕಿಯ ಅಡ್ಡಗೋಡೆ. ಉದ್ದನೆಯ ಒಂದೇ ಹಜಾರ ಬೇಕೆಂದು ಅದನ್ನು ಒಡೆದಾಗ ಮನೆಯು ಪಕ್ಕಕ್ಕೆ ವಾಲದಂತೆ ತಡೆಯುತ್ತಿದ್ದ ಬಿಗಿತ ಹೋಗುತ್ತದೆ.

ನಾಲ್ಕನೆಯದು ಚೌಕ. ತೆರೆದ ಜಾಗ ವ್ಯರ್ಥವೆಂಬ ಭಾವನೆಯಿಂದ ಅದರ ಮೇಲೆ ತಗಡು ಅಥವಾ ಕಾಂಕ್ರೀಟು ಹಾಕುತ್ತಾರೆ. ಕೆಲವು ಗಜ ನೆಲ ಲಾಭವಾಗುತ್ತದೆ. ಆದರೆ ಕಾದ ಗಾಳಿಗೆ ಹೊರದಾರಿಯಿಲ್ಲ, ಹಗಲಿನಲ್ಲಿಯೂ ದೀಪ ಉರಿಯಬೇಕು, ತೇವಕ್ಕೆ ಆರುವ ಅವಕಾಶವಿಲ್ಲ, ಗೆದ್ದಲಿಗೆ ಸುಭಿಕ್ಷ. ಟಾಂಕಾದ ಬಾಯಿಯೂ ಅದರೊಡನೆ ಮುಚ್ಚಿಹೋಗಿ ಮಾಡಿನ ನೀರು ಬೀದಿಗೆ ಹರಿಯುತ್ತದೆ. ಐದನೆಯದಾಗಿ ಮೇಲಂತಸ್ತುಗಳು ಉಗ್ರಾಣಗಳಾಗುತ್ತವೆ. ಮನುಷ್ಯರು ನಡೆದಾಡಲು, ಮಲಗಲು ಎಂದು ಹಾಕಿದ ಜಂತೆಗಳ ಮೇಲೆ ಬಟ್ಟೆಯ ಮೂಟೆಗಳು ಮಾಡಿನವರೆಗೆ ಏರುತ್ತವೆ. ಒಣಮರ, ಬಟ್ಟೆ, ವಿದ್ಯುತ್ ತಂತಿ ಇವು ಒಂದೆಡೆ ಸೇರಿದಲ್ಲಿ ಬೆಂಕಿಯ ಭಯವೂ ಸೇರುತ್ತದೆ. ಕೊನೆಗೆ, ಮನೆ ವಾಲಿತೆಂಬ ಕಾರಣದಿಂದಲೇ ಅದನ್ನು ಕೆಡವಲಾಗುತ್ತದೆ. ಕೆತ್ತನೆಯ ಕಂಬ, ಬೋದಿಗೆ, ಬಾಗಿಲುವಾಡಗಳು ಹಳೆಯ ವಸ್ತುಗಳ ವ್ಯಾಪಾರಿಗಳ ಕೈಸೇರುತ್ತವೆ.

ಈ ಕೊನೆಯ ವ್ಯಾಪಾರಕ್ಕೆ ದೀರ್ಘವಾದ ಇತಿಹಾಸವಿದೆ. ಅಮೆರಿಕದ ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಕಲಾವಿದನು 1881ರಲ್ಲಿ, ಅಹಮದಾಬಾದಿನ ಪ್ರಸಿದ್ಧ ಜೈನ ಮನೆತನವಾದ ಹಠೀಸಿಂಗರ ಕುಟುಂಬದ ಮಗನಭಾಯಿ ಅವರೊಡನೆ ಸೇರಿ ಮರಗೆತ್ತನೆಯ ಕಾರ್ಯಾಗಾರವೊಂದನ್ನು ಸ್ಥಾಪಿಸಿದನು. ಅಲ್ಲಿನ ಬಡಗಿಗಳು ಕೆತ್ತಿದ ತೇಗದ ಮುಖಚಾವಡಿಯುಳ್ಳ ಮನೆಯೊಂದನ್ನು 1887ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಕಟ್ಟಿಸಿಕೊಂಡನು. ಆ ಕೆತ್ತನೆ ಇಂದಿಗೂ ಅಲ್ಲಿದೆ. ಇದು ಹೊಸದಾಗಿ ಮಾಡಿಸಿದ ಕೆಲಸ. ಬಡಗಿಗಳಿಗೆ ಅನ್ನ ನೀಡಿದ ಕೆಲಸ. ಆದರೆ ಪಾಟಣದ ವಾಡಿ ಪಾರ್ಶ್ವನಾಥ ಮಂದಿರದಲ್ಲಿ 1594-96ರ ಅವಧಿಯಲ್ಲಿ ನಿರ್ಮಿತವಾದ ಮರದ ಸಭಾಮಂಟಪವು ಕಳಚಲ್ಪಟ್ಟು, ಡಿ ಫಾರೆಸ್ಟ್ ಸೋದರರ ಕೊಡುಗೆಯಾಗಿ 1916ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಅಲ್ಲಿ ಅದು ಸುರಕ್ಷಿತವಾಗಿದೆ ನಿಜ. ಆದರೆ ಯಾರ ಉಪಯೋಗಕ್ಕಾಗಿ ಅದನ್ನು ಕೆತ್ತಲಾಯಿತೋ ಆ ಊರಿನ ಶ್ರಾವಕರು ಅದರಡಿಯಲ್ಲಿ ಕುಳಿತುಕೊಳ್ಳಲಾರರು.

ಹಳೆಯ ಮನೆಗಳು ದುರ್ಬಲವಾದುದರಿಂದಲೇ ಅಳಿಯುತ್ತಿವೆ ಎಂಬ ಮಾತಿಗೆ 2001ರ ಜನವರಿ 26ರ ಭೂಕಂಪವು ಉತ್ತರ ಕೊಟ್ಟಿತು. ಆ ದಿನ ಅಹಮದಾಬಾದಿನಲ್ಲಿ ಕುಸಿದು ನೂರಾರು ಜನರ ಪ್ರಾಣಹಾನಿಗೆ ಕಾರಣವಾದವುಗಳಲ್ಲಿ ಹೊಸ ಬಡಾವಣೆಗಳ ಬಹುಮಹಡಿ ಕಾಂಕ್ರೀಟ್ ಕಟ್ಟಡಗಳೇ ಪ್ರಮುಖ. ಪೋಳಗಳ ಮರದ ಚೌಕಟ್ಟಿನ ಮನೆಗಳು ಬಿರುಕು ಬಿಟ್ಟರೂ ಬಹುಮಟ್ಟಿಗೆ ನಿಂತವು. ಮರದ ಕೀಲುಗಳು ತುಸು ಅಲುಗಾಡಿ ನೆಲದ ಅದುರನ್ನು ಸಹಿಸಿಕೊಂಡವು. ಆದರೆ ಚೌಕಟ್ಟು ಪೂರ್ಣವಾಗಿರುವವರೆಗೆ ಮಾತ್ರ ಈ ಶಕ್ತಿ ಉಳಿಯುತ್ತದೆ.

ಅತಿಭಾರದ ದೋಷ

ಇಲ್ಲಿ ಶ್ರಾವಕಾಚಾರದ ಒಂದು ಮಾತನ್ನು ನೆನೆಯುವುದು ಉಚಿತ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ವಿವರಿಸುವಾಗ, ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರವನ್ನು ಹೇರುವುದನ್ನು ಒಂದಾಗಿ ಹೇಳುತ್ತಾರೆ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಮೊದಲು ಹೆಸರಿಸುವುದು ಹೊಲ ಮತ್ತು ಮನೆಗಳ ಮಿತಿಯನ್ನು ಮೀರುವುದನ್ನು. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಸಂಗ್ರಹ ಮತ್ತು ಅತಿಭಾರವಹನ ಇವೆರಡೂ ಪರಿಗ್ರಹ ಪರಿಮಾಣದ ಅತಿಚಾರಗಳಾಗಿಯೇ ಬರುತ್ತವೆ. ಈ ನಿಯಮಗಳು ಎತ್ತು, ಕುದುರೆ, ಆಳುಗಳಂಥ ಭಾರ ಹೊರುವ ಜೀವಿಗಳನ್ನು ಕುರಿತವು. ನಿರ್ಜೀವವಾದ ತೊಲೆಗೆ ಹಿಂಸೆಯಿಲ್ಲ. ಆದರೆ ತೊಲೆ ಮುರಿದರೆ ಅದರಡಿಯಲ್ಲಿ ಸಿಲುಕುವವರು ಜೀವಿಗಳೇ: ಅಂಗಡಿಯ ಆಳು, ಗಿರಾಕಿ, ಪಕ್ಕದ ಮನೆಯ ವೃದ್ಧರು, ಮಕ್ಕಳು. ಅತಿಸಂಗ್ರಹವೂ ಅತಿಭಾರವೂ ಒಂದೇ ಲೋಭದ ಎರಡು ಮುಖಗಳೆಂದು ಆಚಾರ್ಯರು ಕಂಡುಕೊಂಡ ಸತ್ಯವು, ಮೂಟೆಗಳಿಂದ ಬಾಗಿದ ಮೇಲಂತಸ್ತಿನಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗೆಂದು ಮನೆಯು ಅಂಗಡಿಯಾಗಲೇಬಾರದೆಂದು ಹೇಳಲಾಗದು. ವಾಸಿಸುವವರಿಲ್ಲದೆ ಬೀಗ ಹಾಕಿದ ಮನೆ ಅಂಗಡಿಯಿರುವ ಮನೆಗಿಂತ ಬೇಗ ಬೀಳುತ್ತದೆ. ವ್ಯಾಪಾರದಿಂದಲೇ ಹುಟ್ಟಿದ ಮನೆಗೆ ವ್ಯಾಪಾರವು ಶತ್ರುವಲ್ಲ. ಮಾಡಬೇಕಾದುದು ಹಳೆಯ ಗಡಿಯನ್ನು ಮತ್ತೆ ಗುರುತಿಸುವುದು. ಜಗಲಿಯನ್ನು ಉಳಿಸಿ, ಖಡಕಿಯಲ್ಲಿ ವ್ಯಾಪಾರ ಮಾಡಿ, ಚೌಕವನ್ನು ಆಕಾಶಕ್ಕೆ ತೆರೆದಿಟ್ಟು, ಭಾರವಾದ ಸರಕನ್ನು ನೆಲದಂತಸ್ತಿನಲ್ಲಿಯೇ ಇರಿಸಿ, ಮೇಲಂತಸ್ತನ್ನು ಹಗುರವಾದ ಕೆಲಸಕ್ಕೆ ಬಳಸಿದರೆ ಮನೆಯೂ ಉಳಿಯುತ್ತದೆ, ಅಂಗಡಿಯೂ ನಡೆಯುತ್ತದೆ. ಕೆಟ್ಟ ಮರದ ಭಾಗವನ್ನಷ್ಟೇ ಕತ್ತರಿಸಿ ಅದೇ ಜಾತಿಯ ಮರವನ್ನು ಬೆಸೆಯುವ ವಿದ್ಯೆ ಬಡಗಿಗಳಲ್ಲಿದೆ. ಗೋಡೆಗೆ ಸಿಮೆಂಟಿನ ಬದಲು ಸುಣ್ಣದ ಗಾರೆಯನ್ನೇ ಹಚ್ಚಿದರೆ ಒಳಗಿನ ತೇವ ಹೊರಹೋಗುತ್ತದೆ.

ಇದಕ್ಕೆ ದೃಷ್ಟಾಂತಗಳೂ ಉಂಟು. ಅಹಮದಾಬಾದ್ ನಗರಪಾಲಿಕೆ 1996ರಲ್ಲಿ ಪರಂಪರೆಯ ರಕ್ಷಣೆಗೆ ಪ್ರತ್ಯೇಕ ವಿಭಾಗವನ್ನು ತೆರೆಯಿತು; 1997ರಿಂದ ಪೋಳಗಳ ಮೂಲಕ ಸಾಗುವ ಪರಂಪರೆಯ ನಡಿಗೆಯನ್ನು ಆರಂಭಿಸಿತು. ಖಾಡಿಯಾದ ಲಾಖಾ ಪಟೇಲ್ ಪೋಳದ ಮಂಗಳದಾಸರ ಹವೇಲಿಯು ಜೀರ್ಣೋದ್ಧಾರಗೊಂಡು ಕರಕುಶಲ ವಸ್ತುಗಳಿಗೂ ಉಪಾಹಾರಕ್ಕೂ ನೆಲೆಯಾಗಿದೆ. ಅಲ್ಲಿ ವ್ಯಾಪಾರವಿದೆ, ಹವೇಲಿಯೂ ಇದೆ.

ಆಡಳಿತ ಮಂಡಳಿಗಳ ಹೊಣೆ

ಈ ವಿಚಾರವು ದೂರದ ಗುಜರಾತಿಗೆ ಸೀಮಿತವಲ್ಲ. ಕನ್ನಡ ನಾಡಿನಲ್ಲಿಯೂ ಬಸದಿಗಳಿಗೆ ದಾನವಾಗಿ ಬಂದ ಹಳೆಯ ಮನೆಗಳು ಪೇಟೆಬೀದಿಗಳಲ್ಲಿವೆ. ಅವುಗಳ ಬಾಡಿಗೆಯಿಂದ ನಿತ್ಯಪೂಜೆ, ಅಭಿಷೇಕ, ಆಹಾರದಾನಗಳು ನಡೆಯುತ್ತವೆ. ದೇವದ್ರವ್ಯ ವೃದ್ಧಿಯಾಗಲೆಂಬ ಸದುದ್ದೇಶದಿಂದಲೇ ಆಡಳಿತ ಮಂಡಳಿಗಳು ಹೆಚ್ಚು ಬಾಡಿಗೆ ಕೊಡುವವರಿಗೆ ಒಪ್ಪಿಗೆ ನೀಡುತ್ತವೆ. ಬಾಡಿಗೆದಾರನು ತೊಟ್ಟಿ ಮುಚ್ಚಿಸುವುದನ್ನೂ ಕಂಬ ಕೀಳುವುದನ್ನೂ ಕಂಡೂ ಕಾಣದಂತಿರುತ್ತವೆ. ಆಗ ಹೆಚ್ಚಿದ ಬಾಡಿಗೆಯು ನಿಜವಾಗಿ ಎಲ್ಲಿಂದ ಬಂದಿತೆಂದು ಕೇಳಿಕೊಳ್ಳಬೇಕು. ಮನೆಯ ಆಯುಷ್ಯದಿಂದ ಮತ್ತು ನೆರೆಯವನ ಗೋಡೆಯಿಂದ ಬಂದ ಹಣವದು. ಅಂಥ ಹಣದಿಂದ ನಡೆದ ಅಭಿಷೇಕದ ಪುಣ್ಯವನ್ನು ಲೆಕ್ಕ ಹಾಕುವವರು ಆ ಬಿರುಕುಗಳನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಇದನ್ನು ತಪ್ಪಿಸಲು ದೊಡ್ಡ ವೆಚ್ಚವೇನೂ ಬೇಕಾಗಿಲ್ಲ. ಮನೆಯನ್ನು ಬಾಡಿಗೆಗೆ ಕೊಡುವ ಮೊದಲು ಬಲ್ಲ ಬಡಗಿಯಿಂದಲೂ ಇಂಜಿನಿಯರರಿಂದಲೂ ಅದನ್ನು ಪರೀಕ್ಷೆ ಮಾಡಿಸಿ, ಯಾವ ಕಂಬ, ಯಾವ ಗೋಡೆ, ಯಾವ ತೆರವು ಮುಟ್ಟತಕ್ಕದ್ದಲ್ಲವೆಂದು ಕರಾರುಪತ್ರದಲ್ಲಿ ಬರೆಯಿಸಬಹುದು. ಮೇಲಂತಸ್ತಿನಲ್ಲಿ ಎಷ್ಟು ಸರಕು ಇಡಬಹುದೆಂಬ ಮಿತಿಯನ್ನು ಅದರಲ್ಲಿಯೇ ಸೇರಿಸಬಹುದು. ಪೋಳದ ಹಿರಿಯರು ಮಾರಾಟದ ಹಣದಲ್ಲಿ ಒಂದು ಪಾಲನ್ನು ಸಾಮಾನ್ಯ ನಿಧಿಗೆ ತೆಗೆದಿಟ್ಟಂತೆ, ಬಾಡಿಗೆಯ ಒಂದು ಪಾಲನ್ನು ಆ ಮನೆಯ ದುರಸ್ತಿಗೆಂದೇ ತೆಗೆದಿಡಬಹುದು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ಮಾಡು, ದೋಣಿ, ಕಂಬದ ಬುಡಗಳನ್ನು ನೋಡಿಬರಲು ಸಮಿತಿಯ ಒಬ್ಬ ಸದಸ್ಯನನ್ನು ನೇಮಿಸಬಹುದು.

ವ್ರತವನ್ನು ಸ್ವೀಕರಿಸುವ ಗೃಹಸ್ಥನು ತನ್ನಲ್ಲಿರುವುದನ್ನೆಲ್ಲ ತ್ಯಜಿಸುವುದಿಲ್ಲ. ಇಷ್ಟು ಸಾಕೆಂದು ಒಂದು ಗೆರೆ ಎಳೆದುಕೊಳ್ಳುತ್ತಾನೆ. ಪೋಳದ ಮನೆಯನ್ನು ಕಟ್ಟಿಸಿದವನು ಆ ಗೆರೆಯನ್ನು ಮರದಲ್ಲಿಯೂ ಇಟ್ಟಿಗೆಯಲ್ಲಿಯೂ ಎಳೆದಿದ್ದನು. ಬೆಲೆಬಾಳುವ ನಿವೇಶನದ ನಡುವೆ ಏನನ್ನೂ ಕಟ್ಟದೆ, ಏನನ್ನೂ ತುಂಬದೆ, ಆಕಾಶಕ್ಕೆ ಬಿಟ್ಟುಕೊಟ್ಟ ಚೌಕವೇ ಆ ಗೆರೆ. ಅದನ್ನು ಉಳಿಸಿಕೊಂಡು ವ್ಯಾಪಾರ ಮಾಡುವವನು ಪೂರ್ವಿಕರ ಮನೆಯೊಡನೆ ಅವರ ವಿವೇಕವನ್ನೂ ಉಳಿಸಿಕೊಂಡಂತಾಗುತ್ತದೆ.